ಮನೆಯ ಕೈಚೀಲ ಬಾರದ ವಾರ

ಶಿರಸಿಯಿಂದ ಕಾರವಾರಕ್ಕೆ ಎಂ.ಎಸ್ಸಿ. ಓದಲು ಹೊರಟಿದ್ದೀರಿ, ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇರಬೇಕು, ಅದಕ್ಕೆ ಮೊದಲು ಏನು ಕಲಿತಿರಬೇಕು ಎಂದು ಕೇಳಿದ್ದೀರಿ. ನಾನೂ ಶಿರಸಿ ಸೀಮೆಯವನೇ; ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಲ್ಲಿ ಓದಿದವನು. ಕಲಿತುಕೊಂಡು ಹೋಗುವುದಕ್ಕಿಂತ, ಮನೆಯಿಂದ ಬರುವ ಕೈಚೀಲವನ್ನು ನಿಲ್ಲಿಸುವುದು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ನನ್ನ ಆಯಿ ವಾರಕ್ಕೊಮ್ಮೆ ಚಟ್ನಿಪುಡಿ, ಗೊಜ್ಜು, ಅವಲಕ್ಕಿ, ಅಪ್ಪೆಮಿಡಿ ಉಪ್ಪಿನಕಾಯಿಗಳನ್ನು ತುಂಬಿದ ಚೀಲವನ್ನು ಪರಿಚಯದ ಕಂಡಕ್ಟರ್ ಒಬ್ಬರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದಳು. ಅದು ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ನನ್ನ ಕೈಸೇರುತ್ತಿತ್ತು. ಹೇಳಲು ನಾಚಿಕೆಯಾಗುತ್ತದೆ, ಅದೇ ಚೀಲದಲ್ಲಿ ನನ್ನ ಕೊಳೆ ಬಟ್ಟೆಗಳು ಘಟ್ಟ ಹತ್ತುತ್ತಿದ್ದವು. ಕೋಣೆಯ ಮಾಲಕಿ ಪ್ರತಿ ರಾತ್ರಿ 'ಜೆವಣ ಜಾಲೆಂ?' ಎಂದು ಕೊಂಕಣಿಯಲ್ಲಿ ವಿಚಾರಿಸಿದಾಗ, ಅವಲಕ್ಕಿ ಮುಕ್ಕಿದ್ದನ್ನೇ ಊಟವೆಂದು ಹೇಳಿ ತಲೆಯಾಡಿಸುತ್ತಿದ್ದೆ.

2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಗುಡ್ಡ ಕುಸಿದು ಹಲವರು ಜೀವ ಕಳೆದುಕೊಂಡರು, ಹೆದ್ದಾರಿ ಬಂದಾಯಿತು. ಆ ದುಃಖದ ಮುಂದೆ ನನ್ನ ಚೀಲದ ಮಾತು ತೀರ ಸಣ್ಣದು. ಯಲ್ಲಾಪುರದ ಮೇಲೆ ಅರಬೈಲು ಘಟ್ಟದಿಂದ ಬರುವ ದಾರಿಯಿದ್ದರೂ, ಇಂಥ ಹೊತ್ತಿನಲ್ಲಿ ಉಪ್ಪಿನಕಾಯಿಗಾಗಿ ಯಾರನ್ನಾದರೂ ಕಾಡಿಸುವ ಮನಸ್ಸಾಗಲಿಲ್ಲ. ಮಾಲಕಿ ಕೇಳಿದಾಗ ಅಂದು ಮೊದಲ ಬಾರಿಗೆ 'ಇಲ್ಲ' ಎಂದೆ. ಅವರು ಊಟ ಬಡಿಸಿದರು, ಮರುದಿನ ಒಲೆಯ ಮುಂದೆ ನಿಲ್ಲಿಸಿದರು. ಕುಚ್ಚಲಕ್ಕಿಯನ್ನು ಕ್ಲಾಸಿಗೆ ಹೊರಡುವ ಮುನ್ನ ನೆನೆಹಾಕಿದರೆ ಸಂಜೆ ಬೇಗ ಬೇಯುತ್ತದೆ, ಬೆಳ್ತಿಗೆ ಅಕ್ಕಿಗಿಂತ, ಅಂದರೆ ಕುದಿಸದ ಬಿಳಿ ಅಕ್ಕಿಗಿಂತ, ಅದಕ್ಕೆ ಬಹಳ ಹೆಚ್ಚು ನೀರು ಬೇಕು ಎಂಬುದನ್ನು ನಾನು ತಿಳಿದದ್ದು ಆಗಲೇ. ತಂಬುಳಿಗೆ ಮಿಕ್ಸರ್ ಬೇಕೇ ಬೇಕೆಂದು ಭಾವಿಸಿದ್ದೆ. ಶುಂಠಿ, ಜೀರಿಗೆ, ಕಾಳುಮೆಣಸುಗಳನ್ನು ತುಪ್ಪದಲ್ಲಿ ಹುರಿದು, ಜಜ್ಜಿ, ಉಪ್ಪಿನೊಂದಿಗೆ ಮಜ್ಜಿಗೆಗೆ ಬೆರೆಸಿದರೂ ಗಂಜಿಗೆ ಸಾಕಾಗುತ್ತದೆ.

ಬಟ್ಟೆಯ ಪಾಠ ಇದಕ್ಕಿಂತ ಕಠಿಣವಾಗಿತ್ತು. ಕಾರವಾರದ ಜುಲೈನಲ್ಲಿ ಜೀನ್ಸ್ ಪ್ಯಾಂಟ್ ಒಣಗುವುದನ್ನು ಕಾಯುತ್ತಾ ಕುಳಿತರೆ ಅದಕ್ಕೆ ಬೂಷ್ಟೇ ಹಿಡಿಯುತ್ತದೆ. ತೆಳುವಾದ ಬಟ್ಟೆಗಳನ್ನು ತನ್ನಿ, ದಿನಕ್ಕೆ ಎರಡರಂತೆ ತೊಳೆದು ಫ್ಯಾನಿನ ಕೆಳಗೆ ಹರಡಿ. ಮೀನುಗಳ ಮಾದರಿಗಳನ್ನು ಪರೀಕ್ಷಿಸಿದ ದಿನದ ಅಂಗಿಯನ್ನಂತೂ ಅಂದೇ ತೊಳೆಯಬೇಕು, ನಮ್ಮಂಥ ಸಸ್ಯಾಹಾರಿ ಮನೆಗಳಿಂದ ಬಂದವರಿಗೆ ಇದು ಬೇಗನೆ ಅರ್ಥವಾಗುತ್ತದೆ. ಅಕ್ಕಿಯನ್ನು ಎರಡು ಕಿಲೋಗಿಂತ ಹೆಚ್ಚು ಕೊಳ್ಳಬೇಡಿ, ಹುಳು ಬೀಳುತ್ತದೆ. ಉಪ್ಪು, ಬೆಂಕಿಪೊಟ್ಟಣ, ಅಂಕಪಟ್ಟಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ಮೊದಲ ಎರಡು ತಿಂಗಳು ಮನೆಯಿಂದ ಏನನ್ನೂ ತರಿಸದಿರಲು ಪ್ರಯತ್ನಿಸಿ. ಆಯಿಗೆ ಬೇಸರವಾಗಬಹುದು; ಫೋನಿನಲ್ಲಿ ಅಡುಗೆ ಕೇಳಿದರೆ ಆ ಬೇಸರ ಅರ್ಧ ಇಳಿಯುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಈ ನಿಯಮದಿಂದ ವಿನಾಯಿತಿ ಕೊಟ್ಟುಕೊಳ್ಳಿ, ನಾನೂ ಕೊಟ್ಟುಕೊಂಡಿದ್ದೆ.