ಫಾರ್ಮುಲಾ ಬಾಯಿಗೆ ಬರುತ್ತೆ, ಲೆಕ್ಕ ಮಾತ್ರ ಬರಲ್ಲ

ಪ್ರಶ್ನೆ: ಸರ್, ಜಗಳೂರಿನಿಂದ ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ದ್ವಿತೀಯ ಪಿಯು ಓದುತ್ತಿದ್ದೇನೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ನೀಟ್‌ಗೆ ಬಯಾಲಜಿ ಚೆನ್ನಾಗಿದೆ. ಫಿಸಿಕ್ಸ್‌ನಲ್ಲಿ ಫಾರ್ಮುಲಾ ಎಲ್ಲ ಬಾಯಿಪಾಠ, ಆದರೆ ದಿನಕ್ಕೆ ನೂರು ಲೆಕ್ಕ ಮಾಡಿದರೂ ಟೆಸ್ಟ್‌ನಲ್ಲಿ ತಪ್ಪಾಗುತ್ತದೆ. ಏನು ಮಾಡಲಿ?

ಉತ್ತರ: ನೋಡಮ್ಮ, ಮೊದಲು ಆ ನೂರನ್ನು ಇಪ್ಪತ್ತೈದಕ್ಕೆ ಇಳಿಸಿ. ಸುಮ್ನೆ ನೂರು ಮಾಡಿ, ಕೀ ನೋಡಿ, ಟಿಕ್ ಹಾಕಿ ಮುಂದೆ ಹೋದರೆ ಅದೇ ತಪ್ಪು ನಾಳೆಯೂ ಆಗುತ್ತದೆ. ತಪ್ಪಿದ್ದು ಯಾವ ಸಾಲಿನಲ್ಲಿ ಅಂತ ಹುಡುಕಿದಾಗಲೇ ಫಿಸಿಕ್ಸ್ ಕೈಗೆ ಹತ್ತುವುದು.

ಒಂದು ಲೆಕ್ಕ ತಗೊಳ್ಳಿ. 40 ಮೀಟರ್ ಎತ್ತರದ ಕಟ್ಟಡದ ಮೇಲಿಂದ ಕಲ್ಲನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿದ್ದಾರೆ. ಗುರುತ್ವ ವೇಗೋತ್ಕರ್ಷ 10. ನೆಲ ಮುಟ್ಟಲು ಎಷ್ಟು ಹೊತ್ತು? ಚಿತ್ರ ಬರೆಯದೆ ಎಲ್ಲಕ್ಕೂ ಪ್ಲಸ್ ಹಾಕಿದರೆ 2 ಸೆಕೆಂಡ್ ಬರುತ್ತದೆ. ಆಯ್ಕೆಗಳಲ್ಲೂ 2 ಇದ್ದೇ ಇರುತ್ತದೆ ಅಂದುಕೊಳ್ಳಿ. ಆದರೆ ಅದು ಕಲ್ಲನ್ನು ಕೆಳಕ್ಕೆ ಎಸೆದಾಗಿನ ಉತ್ತರ! ಮೇಲಕ್ಕೆ ಪ್ಲಸ್ ಅಂತ ಬಾಣ ಹಾಕಿ, 40ಕ್ಕೂ 10ಕ್ಕೂ (ವೇಗೋತ್ಕರ್ಷದ್ದು) ಮೈನಸ್ ಕೊಟ್ಟರೆ 4 ಸೆಕೆಂಡ್. ನಂಬಿಕೆ ಬರದಿದ್ದರೆ ಬೇರೆ ದಾರಿಯಲ್ಲಿ ನೋಡಿ. ವೇಗ ಸೊನ್ನೆಯಾಗಲು 1 ಸೆಕೆಂಡ್, ಅಷ್ಟರಲ್ಲಿ ಕಲ್ಲು 5 ಮೀಟರ್ ಏರಿತು. ಈಗ ನೆಲದಿಂದ 45 ಮೀಟರ್. ಅಲ್ಲಿಂದ ಬೀಳಲು 3 ಸೆಕೆಂಡ್. ಒಟ್ಟು 4. ನಿಮಗೆ ಫಾರ್ಮುಲಾ ಗೊತ್ತಿತ್ತು, ಬಾಣ ಹಾಕುವ ಅಭ್ಯಾಸ ಇರಲಿಲ್ಲ, ಅಷ್ಟೇ ಅಲ್ವಾ?

ಹಾಗಾಗಿ ತಪ್ಪುಗಳಿಗೇ ಒಂದು ನೋಟ್‌ಬುಕ್ ಇಡಿ. ಅದರಲ್ಲಿ ಉತ್ತರ ಬರೆಯಬೇಡಿ, ಕಾರಣ ಬರೆಯಿರಿ: ಪ್ಲಸ್-ಮೈನಸ್ ಸೈನ್ ತಪ್ಪಿತು, ಸೆಂಟಿಮೀಟರನ್ನು ಮೀಟರ್ ಮಾಡಲಿಲ್ಲ, ವಿಷಯವೇ ಅರ್ಥವಾಗಿರಲಿಲ್ಲ. ವಿಷಯವೇ ಅರ್ಥವಾಗದಿದ್ದರೆ ಎನ್‌ಸಿಇಆರ್‌ಟಿ ಪುಸ್ತಕದ ಬಿಡಿಸಿದ ಉದಾಹರಣೆಗೆ ವಾಪಸ್ ಹೋಗಿ. ಉತ್ತರ ಮುಚ್ಚಿಕೊಂಡು ನೀವೇ ಮಾಡಿ.

ಬಸ್ಸಿನ ಹೊತ್ತನ್ನು ಬಾಯಿಲೆಕ್ಕಕ್ಕೆ ಇಡಿ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಗಂಟೆಗೆ 72 ಕಿ.ಮೀ. ಅಂದರೆ ಸೆಕೆಂಡಿಗೆ 20 ಮೀಟರ್. ಬ್ರೇಕ್ ಹಾಕಿದಾಗ ಪ್ರತಿ ಸೆಕೆಂಡಿಗೆ 4 ಮೀಟರ್‌ನಷ್ಟು ವೇಗ ಇಳಿದರೆ ಬಸ್ 50 ಮೀಟರ್ ಸಾಗಿ ನಿಲ್ಲುತ್ತದೆ. ವೇಗ ಅರ್ಧವಾದರೆ? ಹೊಸದಾಗಿ ಲೆಕ್ಕ ಬೇಡ. ದೂರ ವೇಗದ ವರ್ಗವನ್ನು ಅನುಸರಿಸುತ್ತದೆ, ಆದ್ದರಿಂದ ಕಾಲು ಭಾಗ, 12.5 ಮೀಟರ್. ಈ ಅನುಪಾತದ ಕಣ್ಣು ಬಂದರೆ ಎಷ್ಟೋ ಪ್ರಶ್ನೆಗಳು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ.

ಪಾಠಗಳಲ್ಲಿ ವೆಕ್ಟರ್, ಚಲನೆ, ನ್ಯೂಟನ್ ನಿಯಮ, ಕೆಲಸ ಮತ್ತು ಶಕ್ತಿ ಮೊದಲು ಗಟ್ಟಿಯಾಗಲಿ. ಮುಂದಿನ ಬಹಳಷ್ಟು ಪಾಠ ಇವುಗಳ ಮೇಲೇ ನಿಂತಿದೆ. ಪರಮಾಣು, ಬೀಜಕೇಂದ್ರ, ಸೆಮಿಕಂಡಕ್ಟರ್ ಪಾಠಗಳು ಚಿಕ್ಕವು. ಅವನ್ನು ಬಿಟ್ಟುಬಿಡಬೇಡಿ.

2025ರಿಂದ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, ಅದರಲ್ಲಿ ಫಿಸಿಕ್ಸ್ 45. ಸರಿಗೆ 4 ಅಂಕ, ತಪ್ಪಿಗೆ 1 ಕಡಿತ. ನಿಮ್ಮ ಬಯಾಲಜಿ ಬೇಗ ಮುಗಿಯುವುದಾದರೆ ಫಿಸಿಕ್ಸ್‌ಗೆ ಒಂದು ಗಂಟೆ ಸಿಗುತ್ತದೆ. ಮನೆಯಲ್ಲೂ ಅದೇ ಲೆಕ್ಕದಲ್ಲಿ ಗಡಿಯಾರ ಇಟ್ಟು ಮಾಡಿ.

ಕನ್ನಡದಲ್ಲೂ ಪ್ರಶ್ನೆಪತ್ರಿಕೆ ಸಿಗುತ್ತದೆ, ಜೊತೆಗೆ ಇಂಗ್ಲಿಷ್ ಇರುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್‌ನಲ್ಲಿರುವ ಪ್ರಶ್ನೆಯೇ ಅಂತಿಮ. ಪಿಯುನಲ್ಲಿ ಎರಡು ವರ್ಷ ಇಂಗ್ಲಿಷಿನಲ್ಲೇ ಫಿಸಿಕ್ಸ್ ಓದುತ್ತಿದ್ದರೆ ಇಂಗ್ಲಿಷ್ ಪತ್ರಿಕೆಯೇ ನಿಮಗೆ ಸುಲಭ ಅನಿಸಬಹುದು. ಅರ್ಜಿ ತುಂಬುವ ಮೊದಲೇ ಎರಡೂ ಭಾಷೆಯ ಹಳೆಯ ಪತ್ರಿಕೆಗಳನ್ನು ಒಂದೊಂದು ಬಿಡಿಸಿ ನೋಡಿ, ಆಮೇಲೆ ಆರಿಸಿಕೊಳ್ಳಿ.