ಅಮೆರಿಕ ಚೀನಾ ಪೈಪೋಟಿಯಿಂದ ಎಲ್ಲರೂ ರಕ್ಷಣೆಗೆ ದುಡ್ಡು ಸುರಿಯುತ್ತಿದ್ದಾರೆ, ಇದೇ ಅವಕಾಶ. ಸೇನೆಗೆ ಡ್ರೋನ್ ಮಾಡುವ ಕಂಪನಿ ಶುರು ಮಾಡಬೇಕು, ಶಿವಮೊಗ್ಗದಲ್ಲೇ ಆಗುತ್ತಾ, ಬೆಂಗಳೂರಿಗೆ ಹೋಗಬೇಕಾ?

ನಾನೂ ಇದೇ ಯೋಚನೆಯಲ್ಲಿ ಆರು ತಿಂಗಳು ಕಳೆದವನು. ಊರು ಯಾವುದು ಅನ್ನೋದು ವಿಷಯವೇ ಅಲ್ಲ ಮಾರಾಯ್ರೆ. ನೀವು ಡ್ರೋನ್ ಮಾಡಬೇಕು ಅಂದುಕೊಂಡಿದ್ದೀರಲ್ಲ, ತಕರಾರು ಇರೋದು ಅಲ್ಲಿ.

ನಾವು ಮೂವರು ಸೇರಿ ಶಿವಮೊಗ್ಗದ ಹತ್ತಿರದ ಮಾಚೇನಹಳ್ಳಿಯಲ್ಲಿ ಒಂದು ಶೆಡ್ ಬಾಡಿಗೆಗೆ ಹಿಡಿದಿದ್ದೆವು. ಅಡಿಕೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಡ್ರೋನ್ ಮಾಡುತ್ತಿದ್ದೆವು. ಕೊಳೆರೋಗದ ಹೊತ್ತಿಗೆ ಮರ ಹತ್ತಲು ಜನ ಸಿಗಲ್ಲ, ಹಾಗಾಗಿ ವ್ಯಾಪಾರ ಇತ್ತು. ಮಾಡುತ್ತಿದ್ದೆವು ಅಂದೆನಲ್ಲ, ಅದು ಸ್ವಲ್ಪ ದೊಡ್ಡ ಮಾತಾಯಿತು. 2022ರ ಫೆಬ್ರುವರಿಯಲ್ಲಿ ಸರ್ಕಾರ ಹೊರದೇಶದ ಡ್ರೋನ್ ಆಮದು ನಿಲ್ಲಿಸಿತು, ಆದರೆ ಬಿಡಿಭಾಗ ತರಿಸಲು ಅಡ್ಡಿ ಇರಲಿಲ್ಲ. ಭಾಗ ತರಿಸುವುದು, ಸ್ಕ್ರೂ ಬಿಗಿಯುವುದು, ಮೇಲೆ ನಮ್ಮ ಹೆಸರು ಅಂಟಿಸುವುದು. ನಮ್ಮಂಥವರು ಇನ್ನೂ ಬೇಕಾದಷ್ಟು ಜನ ಇದ್ದರು.

2020ರ ಜೂನ್‌ನಲ್ಲಿ ಲಡಾಖ್‌ನ ಗಾಲ್ವಾನ್‌ನಲ್ಲಿ ಚೀನಾದ ಸೈನಿಕರ ಜೊತೆಗಿನ ಹೊಡೆದಾಟದಲ್ಲಿ ನಮ್ಮ 20 ಯೋಧರು ಸತ್ತ ಮೇಲೆ ಸೇನೆಯವರು ಡ್ರೋನ್ ಖರೀದಿಯನ್ನು ಗಂಭೀರವಾಗಿ ತಗೊಂಡರು. ಉಕ್ರೇನ್ ಯುದ್ಧ ನೋಡಿದ ಮೇಲಂತೂ ಕೇಳುವುದೇ ಬೇಡ. 2023ರಲ್ಲಿ ಬೆಂಗಳೂರಿನ ಒಂದು ಕಂಪನಿ ನಮ್ಮನ್ನು ಹುಡುಕಿಕೊಂಡು ಬಂತು. ಗುಡ್ಡದ ಮೇಲಿನ ಪೋಸ್ಟ್‌ಗಳಿಗೆ ಸಾಮಾನು ಹೊರುವ ಡ್ರೋನ್, ಟೆಂಡರ್ ಅವರದು, 12 ಮಾಡಿಕೊಡುವುದು ನಮ್ಮ ಕೆಲಸ. ಚೀನಾದ ಭಾಗ ಒಂದೂ ಇರಬಾರದು ಅಂತ ಕರಾರಿನಲ್ಲಿ ಬರೆದಿತ್ತು. ಖುಷಿಯಲ್ಲಿ ಸಹಿ ಹಾಕಿದೆ.

ಹಾರಾಟ ನಿಯಂತ್ರಿಸುವ ಬೋರ್ಡ್ ದೇಶಿಯದ್ದೇ ಸಿಕ್ಕಿತು, ಅದಕ್ಕೆ ಆರ್ಡುಪೈಲಟ್ ಅನ್ನೋ ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಹಾಕಿಕೊಂಡೆವು. ಮೋಟರ್ ಮತ್ತು ಅದರ ಇಎಸ್‌ಸಿ, ಅಂದರೆ ಮೋಟರ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳುವ ಪುಟ್ಟ ಬೋರ್ಡು, ಇವೆರಡೂ ಸೆಟ್ಟಾಗಿ ಬಂದವು. ಒಂದು ಡ್ರೋನ್‌ಗೆ ಆರು, ಒಟ್ಟು 72. ಮಾರಿದವನು ಪೂರ್ತಿ ದೇಶಿ ಅಂತ ಬಿಲ್ ಕೊಟ್ಟ, ಫೈಲಿಗೆ ಹಾಕಿಟ್ಟೆ.

ಜುಲೈ ತಿಂಗಳು. ನಮ್ಮ ಕಡೆ ಆಗ ಹೇಗಿರುತ್ತೆ ಗೊತ್ತಲ್ಲ, ಚರ್ಮದ ಬೆಲ್ಟ್‌ಗೆ ಬೂಷ್ಟು ಬರುತ್ತೆ, ಬೆಂಕಿಕಡ್ಡಿ ಗೀರಿದರೆ ಹತ್ತಲ್ಲ. ಒಂದು ದಿನ ಬೆಳಿಗ್ಗೆ ಶೆಡ್ ತೆಗೆದರೆ ಒಂದು ಇಎಸ್‌ಸಿ ಮೇಲಿನ ಸ್ಟಿಕರ್ ಥಂಡಿಗೆ ಮೂಲೆ ಬಿಟ್ಟುಕೊಂಡು ಎದ್ದಿದೆ. ಉಗುರಿನಿಂದ ಎಳೆದೆ. ಕೆಳಗೆ ಅಲ್ಯೂಮಿನಿಯಂ ಮೇಲೆ ಚೀನೀ ಅಕ್ಷರ, ಪಕ್ಕದಲ್ಲಿ ಶೆನ್‌ಜೆನ್ ಅಂತ ಇಂಗ್ಲಿಷ್‌ನಲ್ಲಿ.

ನನ್ನ ತಪ್ಪು ಯಾವುದು ಅಂದರೆ, ಮೋಸ ಹೋದದ್ದಲ್ಲ. ಮೋಸ ಯಾರೂ ಹೋಗುತ್ತಾರೆ. ನಾನು ಆ ಸ್ಟಿಕರನ್ನು ಫೆವಿಕ್ವಿಕ್ ಹಾಕಿ ವಾಪಸ್ ಅಂಟಿಸಿದೆ. ಒಂದಲ್ಲ, ಸಂಜೆವರೆಗೆ ಕೂತು ಎದ್ದಿದ್ದ ಒಂಬತ್ತನ್ನೂ ಅಂಟಿಸಿದೆ. ಯಾಕೆ ಅಂದರೆ ಡೆಲಿವರಿಗೆ 11 ದಿನ ಉಳಿದಿತ್ತು, ಬೇರೆ ಸೆಟ್ ಬರಲು ನಾಲ್ಕು ತಿಂಗಳು ಅಂದಿದ್ದರು, ತೋಟದ ಮೇಲೆ ಸಾಲ ತೆಗೆದಿದ್ದೆ. ಜೊತೆಗೆ ತಲೆಯಲ್ಲಿ ಒಂದು ವಾದ ಓಡುತ್ತಿತ್ತು: ಇದು ಕ್ಯಾಮೆರಾ ಅಲ್ಲ, ರೇಡಿಯೊ ಅಲ್ಲ, ಮೋಟರ್ ತಿರುಗಿಸುವ ಬೋರ್ಡು, ಇದು ಯಾವ ಗೂಢಚಾರಿಕೆ ಮಾಡುತ್ತೆ? ಆ ಬೋರ್ಡಿನಲ್ಲೂ ಒಂದು ಚಿಪ್ ಇರುತ್ತೆ, ಅದರೊಳಗೆ ಯಾರೋ ಬರೆದ ಸಾಫ್ಟ್‌ವೇರ್ ಇರುತ್ತೆ, ಅದು ಏನು ಮಾಡುತ್ತೆ ಅಂತ ನನಗೆ ಗೊತ್ತಿಲ್ಲ ಅನ್ನೋದನ್ನ ಬೇಕಂತಲೇ ಯೋಚಿಸಲಿಲ್ಲ. ಅವತ್ತೇ ಸಂಜೆ ಬೆಂಗಳೂರಿಗೆ ಒಂದು ಫೋನ್ ಮಾಡಿದ್ದರೆ ಬೈದು ಉಗಿಯುತ್ತಿದ್ದರು, ಆದರೆ ಟೈಮ್ ಕೊಡುತ್ತಿದ್ದರೋ ಏನೋ.

ತಪಾಸಣೆಗೆ ಬಂದ ಮನುಷ್ಯನಿಗೆ ತಲೆಯಲ್ಲಿ ಒಂದು ಕೂದಲಿಲ್ಲ, ಬ್ಯಾಗಿನಿಂದ ತೆಗೆದದ್ದು ಮಾತ್ರ ಹೇರ್ ಡ್ರೈಯರ್. ನನಗೆ ನಗು ಬಂತು. ಎರಡು ನಿಮಿಷ ಬಿಸಿಗಾಳಿ ಹಿಡಿದು ಸ್ಟಿಕರ್ ಕಿತ್ತರು. ಫ್ಯಾಕ್ಟರಿ ಗಮ್ ಮೆತ್ತಗಾಗಿ ಬಂತು. ನಾನು ಅಂಟಿಸಿದ ಕಡೆ ಫೆವಿಕ್ವಿಕ್ ಬೆಳ್ಳಗೆ ಪುಡಿಪುಡಿಯಾಗಿ ಉಳಿದಿತ್ತು. ಅವರು ಆ ಬಿಳಿಯನ್ನು ಬೆರಳಲ್ಲಿ ಒರೆಸಿ ನನ್ನ ಮುಖ ನೋಡಿದರು. ನನಗೆ ಗೊತ್ತಿರಲಿಲ್ಲ ಸಾರ್ ಅನ್ನುವ ದಾರಿಯೂ ಅಲ್ಲಿಗೆ ಮುಚ್ಚಿತು. ಆರ್ಡರ್ ಹೋಯಿತು, 38 ಲಕ್ಷ ಹೋಯಿತು, ಪಾರ್ಟ್‌ನರ್‌ಗಳಲ್ಲಿ ಒಬ್ಬ ಇವತ್ತಿಗೂ ಮಾತಾಡಲ್ಲ.

2025ರ ಫೆಬ್ರುವರಿಯಲ್ಲಿ ಚೀನಾದ ಭಾಗ ಇದ್ದವು ಅಂತ ಸೇನೆಯ 400 ಡ್ರೋನ್‌ಗಳ ಗುತ್ತಿಗೆ ರದ್ದಾದ ಸುದ್ದಿ ಪೇಪರಿನಲ್ಲಿ ಬಂತು, ಸುಮಾರು 230 ಕೋಟಿಯದ್ದು. ನನಗೇನೂ ಆಶ್ಚರ್ಯ ಆಗಲಿಲ್ಲ.

ಈಗ ನಿಮ್ಮ ವಿಷಯ. ಅಮೆರಿಕ ಚೀನಾ ಪೈಪೋಟಿಯಿಂದ ಎಲ್ಲರೂ ರಕ್ಷಣೆಗೆ ದುಡ್ಡು ಸುರಿಯುತ್ತಿದ್ದಾರೆ, ಇದೇ ಅವಕಾಶ ಅಂತ ಬರೆದಿದ್ದೀರಿ. ದುಡ್ಡು ಇದೆ, ಸುಳ್ಳಲ್ಲ. ರಕ್ಷಣಾ ಸಚಿವಾಲಯದ ಐಡೆಕ್ಸ್ ಯೋಜನೆಯಲ್ಲಿ ಸ್ಟಾರ್ಟಪ್‌ಗೆ 1.5 ಕೋಟಿವರೆಗೆ ಅನುದಾನ ಕೊಡುತ್ತಾರೆ, ಅದಕ್ಕೆ ಬೆಂಗಳೂರಿನ ಪಿನ್‌ಕೋಡ್ ಬೇಕಾಗಿಲ್ಲ. ಆದರೆ ಡ್ರೋನ್ ಅಂದರೆ ಬಂದೂಕಿನ ಹಾಗೆ ಇಪ್ಪತ್ತು ವರ್ಷ ಎಣ್ಣೆ ಹಚ್ಚಿ ಇಡುವ ವಸ್ತು ಅಲ್ಲ. ಉಕ್ರೇನ್‌ನಲ್ಲಿ ತಿಂಗಳಿಗೆ ಸಾವಿರಗಟ್ಟಲೆ ಹಾಳಾಗುತ್ತವೆ. ಇವತ್ತು ಹೋದದ್ದನ್ನು ನಾಳೆ ಮತ್ತೆ ಕಟ್ಟಲು ಆದರೆ ಮಾತ್ರ ಅದು ಆಯುಧ. 2023ರ ಸೆಪ್ಟೆಂಬರ್‌ನಲ್ಲಿ ಚೀನಾ ಡ್ರೋನ್‌ನ ಕೆಲವು ಎಂಜಿನ್, ಕ್ಯಾಮೆರಾ, ರೇಡಿಯೊಗಳ ರಫ್ತಿಗೆ ಲೈಸೆನ್ಸ್ ಹಾಕಿತು. 2025ರ ಏಪ್ರಿಲ್‌ನಲ್ಲಿ ಏಳು ವಿರಳ ಲೋಹ ಮತ್ತು ಅವುಗಳಿಂದಾದ ಮ್ಯಾಗ್ನೆಟ್‌ಗೂ ಹಾಕಿತು. ಡ್ರೋನ್‌ನ ಮೋಟರ್ ಒಳಗೆ ಕೂರುವುದು ಇಂಥ ಮ್ಯಾಗ್ನೆಟ್ಟೇ, ಪ್ರಪಂಚದಲ್ಲಿ ಸುಮಾರು ನೂರಕ್ಕೆ ತೊಂಬತ್ತು ತಯಾರಾಗುವುದು ಅಲ್ಲೇ. ನಲ್ಲಿ ಅವರ ಕೈಯಲ್ಲಿದೆ, ನಾವಿಲ್ಲಿ ಕೊಡಕ್ಕೆ ಬಣ್ಣ ಹೊಡೆಯುತ್ತಾ ಕೂತಿದ್ದೇವೆ.

ಅದಕ್ಕೇ ಹೇಳೋದು, ಡ್ರೋನ್ ಮಾಡಬೇಡಿ. ಅದನ್ನು ಜೋಡಿಸುವವರು ಜಾಸ್ತಿಯೇ ಇದ್ದಾರೆ. ಮೋಟರ್ ಮಾಡಿ, ಅದರ ಬೋರ್ಡ್ ಮಾಡಿ. ಶಿವಮೊಗ್ಗದಲ್ಲಿ ಫೌಂಡ್ರಿ ಇವೆ, ಪಂಪ್‌ಸೆಟ್ ಮೋಟರ್‌ಗೆ ತಾಮ್ರ ಸುತ್ತಿ ಸುತ್ತಿ ಕೈ ಪಳಗಿದವರು ಇದ್ದಾರೆ. ಮ್ಯಾಗ್ನೆಟ್‌ಗೂ 2025ರ ನವೆಂಬರ್‌ನಲ್ಲಿ ಕೇಂದ್ರ 7,280 ಕೋಟಿಯ ಯೋಜನೆ ಒಪ್ಪಿದೆ, ಕಾರ್ಖಾನೆ ಎದ್ದು ಮಾಲು ಬರಲು ಟೈಮ್ ಬೇಕು. ಕಾಯುವ ತಾಳ್ಮೆ ಇಲ್ಲದಿದ್ದರೆ ಸುಮ್ನೆ ಕೆಲಸಕ್ಕೆ ಸೇರಿ.

ನಾವು ಉಳಿದ ಇಬ್ಬರು ಈಗ ಮೋಟರ್ ಕೆಲಸವನ್ನೇ ಮಾಡುತ್ತಿದ್ದೇವೆ. ವೈಂಡಿಂಗ್ ಅಂಗಡಿಯ ಒಬ್ಬ ಹಿರಿಯರು ಸುತ್ತಿಕೊಟ್ಟ ಮೊದಲ ಮೋಟರ್ 22 ನಿಮಿಷ ಓಡಿ ಹೊಗೆ ಬಿಟ್ಟಿತು. ನಾಲ್ಕನೆಯದು ಒಂದು ಗಂಟೆ ಓಡಿತು. ಮ್ಯಾಗ್ನೆಟ್ ಮಾತ್ರ ಇನ್ನೂ ಚೀನಾದ್ದೇ, ಅದನ್ನು ಡಬ್ಬಿ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದೇವೆ.