ಪ್ಯಾಂಕ್ರಿಯಾಸ್ ಗಡ್ಡೆ: ಆಪರೇಷನ್‌ಗೆ ಮೊದಲು ಟಿಬಿ ನೋಡಿಸಿ

ತಮ್ಮನ ಪ್ಯಾಂಕ್ರಿಯಾಸಿನಲ್ಲಿ (ಮೇದೋಜೀರಕ ಗ್ರಂಥಿ) ಗಡ್ಡೆ ಇದೆ, ಆಪರೇಷನ್ ಮಾಡಿಸಬೇಕೇ ಅಂತ ಕೇಳಿದ್ದೀರಿ. ಇದು ಕ್ಯಾನ್ಸರ್ ಆಗಿರದೆ ಪ್ಯಾಂಕ್ರಿಯಾಸಿನ ಟಿಬಿ ಇರಬಹುದು. ನಿಮ್ಮ ತಮ್ಮನಿಗೆ 34 ವರ್ಷ, ಸಂಜೆ ಜ್ವರ, ಸಿಟಿಯಲ್ಲಿ ಗಡ್ಡೆಯ ಜೊತೆ ದುಗ್ಧಗ್ರಂಥಿಗಳೂ (ಲಿಂಫ್ ನೋಡ್) ಊದಿವೆ ಅಂದಿದ್ದೀರಿ. ನಮ್ಮ ಅಕ್ಕನಿಗೂ ಹೀಗೇ ಇತ್ತು, ಕ್ಯಾನ್ಸರ್ ಅಂದಿದ್ದರು. ಆದರೆ ಸ್ಕ್ಯಾನ್ ನೋಡಿ ಟಿಬಿ, ಕ್ಯಾನ್ಸರ್ ಎರಡನ್ನೂ ಬೇರೆ ಮಾಡುವುದು ಕಷ್ಟ. ರಕ್ತದಲ್ಲಿ ಸಿಎ 19-9 (ಕ್ಯಾನ್ಸರ್ ಸುಳಿವಿಗೆ ನೋಡುವ ಟೆಸ್ಟ್) ಜಾಸ್ತಿ ಇದೆ ಅಂತ ಕ್ಯಾನ್ಸರ್ ಎಂದುಕೊಳ್ಳಬೇಡಿ, ಕಾಮಾಲೆಯಲ್ಲೂ ಅದು ಏರುತ್ತದೆ.

ಮೊದಲು ಗ್ಯಾಸ್ಟ್ರೋ ಡಾಕ್ಟರ ಹತ್ತಿರ ಎಂಡೋಸ್ಕೋಪಿ ಅಲ್ಟ್ರಾಸೌಂಡ್ (ಬಾಯಿಂದ ಕೊಳವೆ ಇಳಿಸಿ ಒಳಗಿಂದ ಮಾಡುವ ಸ್ಕ್ಯಾನ್) ಮೂಲಕ ಸೂಜಿ ಹಾಕಿ ಸ್ಯಾಂಪಲ್ ತೆಗೆಸಿ. ಅದಕ್ಕೂ ಮುಂಚೆ ಒಂದು ಮಾತು ಹೇಳಿಬಿಡಿ: ಸ್ಯಾಂಪಲ್ ಪೂರ್ತಿ ಫಾರ್ಮಲಿನ್‌ಗೆ (ಸ್ಯಾಂಪಲ್ ಕೆಡದಂತೆ ಇಡುವ ರಾಸಾಯನಿಕ) ಹಾಕಬೇಡಿ, ಸ್ವಲ್ಪ ಸಲೈನ್‌ನಲ್ಲಿ ಇಡಿ ಅಂತ. ಫಾರ್ಮಲಿನ್‌ನಲ್ಲಿ ಟಿಬಿ ಕ್ರಿಮಿ ಸಾಯುತ್ತದೆ, ಕಲ್ಚರ್ (ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಬೆಳೆಯುವುದಿಲ್ಲ. ಕ್ಯಾನ್ಸರ್ ಕೋಶಗಳ ಪರೀಕ್ಷೆಯ ಜೊತೆಗೆ ಸಿಬಿನ್ಯಾಟ್ (ಟಿಬಿ ಕ್ರಿಮಿಯ ಡಿಎನ್‌ಎ ಹುಡುಕುವ ಪರೀಕ್ಷೆ), ಕಲ್ಚರ್ ಎರಡನ್ನೂ ಕೇಳಿ. ಎದೆಯ ಸಿಟಿ, ಎಚ್‌ಐವಿ ಟೆಸ್ಟ್ ಕೂಡ ಆಗಲಿ.

ಸಿಬಿನ್ಯಾಟ್ ನೆಗೆಟಿವ್ ಬಂದರೂ ಟಿಬಿ ಇಲ್ಲ ಅಂತಲ್ಲ. ಕ್ಯಾನ್ಸರ್ ಇಲ್ಲ ಅಂತಲೂ ನಾನು ಹೇಳಲಾರೆ. ಆದ್ದರಿಂದ ಸುಮ್ನೆ ಅಂದಾಜಿನ ಮೇಲೆ ಟಿಬಿ ಮಾತ್ರೆ ಶುರು ಮಾಡಬೇಡಿ. ಟಿಬಿ ಖಚಿತವಾದರೆ ಸಾಮಾನ್ಯವಾಗಿ 6 ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕಣ್ಣು ಹಳದಿಯಾಗಿ ಚಳಿಜ್ವರ ಬಂದರೆ ರಿಪೋರ್ಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.